ಉಮಿ ತುಂಬಿದ ಚೀಲ

ಸಾಗರ
12 ಜನವರಿ 2023

ಸುಷ್ಮಾ ಮಾರಾಯ್ತಿ,

ಮೊದಲು ಒಂದು ನಗೆಯ ಸಮಾಚಾರ. ನಿನ್ನೆ ಹಳ್ಳಿಯ ಕಡೆಯ ಹಿರಿಯರೊಬ್ಬರು ನನ್ನ ಬೋರ್ಡು ಓದಿಕೊಂಡು ಒಳಗೆ ಬಂದು, ಕಳೆದುಹೋದ ಎಮ್ಮೆ ಯಾವ ದಿಕ್ಕಿಗೆ ಹೋಗಿದೆ ಹೇಳಿ ಅಂದರು. ಮನಃಶಾಸ್ತ್ರ ಅಂದರೆ ಮನಸ್ಸಿನಲ್ಲಿ ಇರುವುದನ್ನೆಲ್ಲ ಹೇಳುವ ಶಾಸ್ತ್ರ ಎಂದುಕೊಂಡಿದ್ದರಂತೆ. ಎಮ್ಮೆಯ ಮನಸ್ಸು ನನಗೆ ತಿಳಿಯುವುದಿಲ್ಲ ಅಂದೆ. "ಮತ್ತೆ ಇಷ್ಟ್ ದೊಡ್ ಬೋರ್ಡ್ ಎಂತಕ್ಕೆ?" ಎಂದು ಬೈದು ಹೋದರು. ಮೈಸೂರಿನಲ್ಲಿ ಒಂದೇ ಬೆಂಚಿನಲ್ಲಿ ಓದಿ, ನೀನು ತೀರ್ಥಹಳ್ಳಿಯಲ್ಲಿ, ನಾನು ಸಾಗರದಲ್ಲಿ ಬಾಗಿಲು ತೆರೆದಾಗ ಈ ಸೀಮೆಗೆ ನಾವೇ ಮೊದಲಿಗರು ಎಂದು ಬೀಗಿದ್ದೆವಲ್ಲ. ಮೊದಲಿಗರ ಪಾಡು ಇದು.

ಈಗ ಕೆಲಸದ ಮಾತು. ಫೋನಿನಲ್ಲಿ ಹೇಳುವಂತಿಲ್ಲ. ಕೋಣಂದೂರಿನಿಂದ ನಮ್ಮಲ್ಲಿಗೆ ಬರುತ್ತಿದ್ದ ಆ ಹುಡುಗಿಯ ವಾಯ್ಸ್ ಮೆಸೇಜು ಊರೆಲ್ಲ ಸುತ್ತಿ ಅವಳ ಮದುವೆ ಮುರಿದ ಮೇಲೆ ನಾವಿಬ್ಬರೂ ಹಾಕಿಕೊಂಡ ಕಟ್ಟು ನೆನಪಿದೆ ತಾನೆ? ಬಂದವರ ವಿಷಯ ಕಾಗದದಲ್ಲಿ ಮಾತ್ರ, ನಮ್ಮಿಬ್ಬರ ನಡುವೆ ಮಾತ್ರ. ಅದಕ್ಕೇ ಈ ಲಕೋಟೆಯನ್ನು ಎಂದಿನ ಹಾಗೆ ಬಸ್ಸಿನ ಕಂಡಕ್ಟರ್ ವೆಂಕಟ್ರಮಣನ ಕೈಗೆ ಕೊಡುತ್ತಿದ್ದೇನೆ.

ಹೊಸನಗರದ ಹತ್ತಿರದ ಹೂವಪ್ಪನವರ ಮಗ ಕುಮಾರ, ಜೆಸಿಬಿ ಓಡಿಸುವವನು, ನನ್ನಲ್ಲಿಗೆ ಬರುತ್ತಿದ್ದಾನೆ. ಕಾಯಿಲೆ ಸಿಟ್ಟು. ಹೆಂಡತಿಯ ಬೆರಳು ಮುರಿದಿದ್ದಾನೆ. ಅವಳ ಹೆಸರು ಸ್ವಪ್ನಾ, ತವರು ನಿನ್ನ ತೀರ್ಥಹಳ್ಳಿಯ ಪಕ್ಕದಲ್ಲೇ, ಈಗ ಅಲ್ಲೇ ಇದ್ದಾಳೆ. ನಿನ್ನನ್ನು ನೋಡಲು ಹೇಳಿ ಕಳಿಸಿದ್ದೇನೆ. ಗಂಡ ನನಗೆ, ಹೆಂಡತಿ ನಿನಗೆ. ಇಬ್ಬರನ್ನೂ ಎರಡು ಕಡೆಯಿಂದ ಎತ್ತಿದರೆ ಸಂಸಾರ ಎದ್ದು ನಿಲ್ಲುತ್ತದೆ.

ಕುಮಾರನಿಗೆ ನಮ್ಮ ಉಮಿಚೀಲ ಹಿಡಿಸಿದೆ. ನಮ್ಮ ಎಂದೇ ಬರೆಯುತ್ತೇನೆ. ಗೋಣಿಚೀಲಕ್ಕೆ ಭತ್ತದ ಉಮಿ ತುಂಬಿ ತೂಗುಹಾಕುವ ಯೋಚನೆ ಮೈಸೂರಿನ ಕ್ಯಾಂಟೀನಿನಲ್ಲಿ ಮೊದಲು ನಿನ್ನ ಬಾಯಿಂದಲೇ ಬಂದದ್ದು. ಸಿಟ್ಟಿನವನು ಕೋಲು ಹಿಡಿದು ಅದಕ್ಕೆ ಸಾಕಾಗುವವರೆಗೆ ಬಾರಿಸಬೇಕು. "ಹೊರಗೆ ಹಾಕು, ಒಳಗೆ ಇಟ್ಕೋಬೇಡ" ಎಂದು ನಾನು ಪಕ್ಕದಲ್ಲಿ ನಿಂತು ಹೇಳುತ್ತಿರುತ್ತೇನೆ. ಕುಕ್ಕರಿನ ವಿಷಲ್ ಇದ್ದ ಹಾಗೆ, ಆವಿ ಹೋದರೆ ಒಳಗಿನದು ತಣ್ಣಗಾಗುತ್ತದೆ. ಮೊನ್ನೆ ಅವನ ಹೊಡೆತಕ್ಕೆ ಮೇಲಿನ ಕೊಂಡಿಯೇ ಬಗ್ಗಿತು. ಆಮೇಲೆ ಗೋಡೆಗೆ ಒರಗಿ ಮಗುವಿನ ಹಾಗೆ ಅತ್ತ. ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಸಮ್ಮೇಳನದಲ್ಲಿ ಇದನ್ನು 'ಸಾಗರ ಪದ್ಧತಿ' ಎಂದು ಮಂಡಿಸಲಿದ್ದೇನೆ. ನಿನ್ನ ಹೆಸರೂ ಇರುತ್ತದೆ, ಮುಖ ಊದಿಸಬೇಡ.

ನಿನ್ನ,
ಶಿವರಾಮ


ತೀರ್ಥಹಳ್ಳಿ
27 ಜನವರಿ 2023

ಶಿವು,

ಎಮ್ಮೆ ಸಿಕ್ಕಿತೋ ಇಲ್ಲವೋ ಅದನ್ನು ಬರೆಯಲೇ ಇಲ್ಲ ನೀನು.

ಸ್ವಪ್ನಾ ಬರುತ್ತಿದ್ದಾಳೆ. ಜೊತೆಗೆ ತಾಯಿ ಬಂಗಾರಮ್ಮ. ಮಗಳು ಒಳಗಿರುವಷ್ಟು ಹೊತ್ತೂ ಆಕೆ ಹೊರಗಿನ ಬೆಂಚಿನ ಮೇಲೆ ಸ್ಟೀಲಿನ ಟಿಫಿನ್ ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾರೆ. ಮನೆಯಲ್ಲಿ ಈ ಹುಡುಗಿ ಉಣ್ಣುವುದಿಲ್ಲವಂತೆ. ಇಲ್ಲಿ ಅತ್ತು ಹೊರಗೆ ಬಂದ ಮೇಲೆ ಸ್ವಲ್ಪ ಹಸಿವಾಗುತ್ತದಂತೆ. ಅದಕ್ಕೆ ಅಲ್ಲೇ ಬಿಚ್ಚಿ ಉಣ್ಣಿಸುತ್ತಾರೆ.

ನೀನು 'ಬೆರಳು' ಎಂದು ಬರೆದೆ. ಅದು ಮುರಿದದ್ದು ಹೇಗೆ ಎಂದು ಕುಮಾರನನ್ನು ಕೇಳಿದ್ದೀಯಾ? ಬಾಗಿಲಿನ ಸಂದಿಯಲ್ಲಿ ಕೈ ಇಡು ಅಂದನಂತೆ. ಇವಳು ಬೇಡಿಕೊಂಡಳಂತೆ. ಅವನು ಬಾಗಿಲು ಹಿಡಿದುಕೊಂಡು ಸುಮ್ಮನೆ ನಿಂತಿದ್ದನಂತೆ, ಇವಳು ತಾನಾಗಿ ಕೈ ಇಡುವವರೆಗೆ. ಆಮೇಲೆ ಬಾಗಿಲು ಹಾಕಿದ. ಮೂರು ಬೆರಳು ಮುರಿದವು. ಶಿವು, ಸಿಟ್ಟು ಕಾಯುತ್ತದೆಯೆ? ಕಾದು ನಿಲ್ಲುವುದಕ್ಕೆ ಬೇರೆ ಹೆಸರಿದೆ. ಅವಳ ತಲೆಯ ಹಿಂಭಾಗದಲ್ಲಿ, ಅವನು ಕಿತ್ತ ಅಂಗೈಯಷ್ಟು ಜಾಗದಲ್ಲಿ ಕೂದಲಿಲ್ಲ. ಅದನ್ನು ಮುಚ್ಚಲು ತುರುಬು ಕಟ್ಟುತ್ತಾಳೆ. ಇಪ್ಪತ್ತಾರರ ಹುಡುಗಿ.

ಉಮಿಚೀಲದ ಯೋಚನೆ ನನ್ನದು ನಿಜ, ಕ್ಯಾಂಟೀನಿನಲ್ಲಿ ನಗೆಗೆ ಹೇಳಿದ್ದು. ಆಮೇಲೆ ನಾನು ಓದಿಕೊಂಡೆ. ನೀನೂ ಓದಿದ್ದೀಯ, ಬೇಕೆಂದೇ ಮರೆತಿದ್ದೀಯ. ಹೊಡೆದರೆ ಸಿಟ್ಟು ಇಳಿಯುವುದಿಲ್ಲ, ಕೈ ಪಳಗುತ್ತದೆ ಎಂದು ಹತ್ತು ಕಡೆ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಕುಕ್ಕರಿಗೆ ಕೈ ಇಲ್ಲ ಮಾರಾಯ. ದಯವಿಟ್ಟು ನಿಲ್ಲಿಸು.

ಪ್ರತಿ ಸಲವೂ ಏಳುವಾಗ ಸ್ವಪ್ನಾ ಒಂದೇ ಮಾತು ಕೇಳುತ್ತಾಳೆ. "ಮೇಡಂ, ವಾಪಸ್ ಹೋಗ್ಲಾ, ಬ್ಯಾಡ್ವಾ?" ನಾನು ಕೇಳುತ್ತೇನೆ, "ನಿಮಗೆ ಏನನ್ನಿಸುತ್ತೆ?" ಹೋಗು, ಬೇಡ ಎಂದು ಹೇಳುವವರು ಅವಳ ಸುತ್ತ ಊರ ತುಂಬ ಇದ್ದಾರೆ. ಅವಳೇ ಯೋಚಿಸಿ ಹೇಳಲಿ ಎಂದು ಕಾಯುವವಳು ನಾನೊಬ್ಬಳೆ. ಅಷ್ಟರ ಮಟ್ಟಿಗೆ ನನ್ನ ವಿದ್ಯೆಯ ಮೇಲೆ ನನಗೆ ನಂಬಿಕೆಯಿದೆ.

ಸುಷ್ಮಾ


ಸಾಗರ
21 ಫೆಬ್ರವರಿ 2023

ಸುಷ್ಮಾ,

ನಿನ್ನ ಕಾಗದ ಓದಿದರೆ ಪುಸ್ತಕದ ಅಂಗಡಿಗೆ ಹೋಗಿ ಬಂದ ಹಾಗಾಗುತ್ತದೆ. ಪರೀಕ್ಷೆ ಮಾಡಿದವರು ಕಾಲೇಜು ಹುಡುಗರನ್ನು ಕೂರಿಸಿ ಮಾಡಿದ್ದಾರೆ. ನನ್ನ ಎದುರು ಕುಮಾರ ನಿಂತಿದ್ದಾನೆ, ರಕ್ತ ಮಾಂಸದವನು. ಅವನು ಹೆಂಡತಿಯನ್ನು ಬಿಟ್ಟು ಯಾರ ಮೇಲೂ ಕೈ ಎತ್ತಿದವನಲ್ಲ. ಈಗ ಅವಳಿಲ್ಲದ ಮನೆಯಲ್ಲಿ ಎಷ್ಟು ಸಮಾಧಾನವಾಗಿದ್ದಾನೆ ಎಂದು ಹೂವಪ್ಪನವರೇ ಬಂದು ಹೇಳಿ ಹೋದರು.

ಅವನ ಮನೆಯ ಕೊಟ್ಟಿಗೆಯಲ್ಲೂ ಒಂದು ಚೀಲ ಕಟ್ಟಿಸಿದ್ದೇನೆ. ದಿನಾ ಸಂಜೆ ಕೆಲಸದಿಂದ ಬಂದವನೇ ಮೊದಲು ಕೊಟ್ಟಿಗೆಗೆ, ಆಮೇಲೆ ಸ್ನಾನ, ಆಮೇಲೆ ಊಟ. ಬಿದಿರಿನ ಕೋಲು ತಡೆಯಲಿಲ್ಲವಂತೆ. ಈಗ ಗುದ್ದಲಿಯ ಮರದ ಹಿಡಿ, ಆ ಕಾವನ್ನೇ ಹಿಡಿದಿದ್ದಾನೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂತಾರೆ. ನಮ್ಮಲ್ಲಿ ಕೋಲು ಮುರಿದರೆ ಮುರಿಯಲಿ, ಹೆಂಡತಿ ಉಳಿಯಲಿ.

ಒಂದು ಹೊಸ ಸುಧಾರಣೆ ಮಾಡಿದ್ದೇನೆ. ಚೀಲ ಬರೀ ಚೀಲವಾಗಿದ್ದರೆ ಮನಸ್ಸು ಅದಕ್ಕೆ ಹತ್ತುವುದಿಲ್ಲ. ಅದಕ್ಕೆ ಸ್ವಪ್ನಾಳ ಹಳೆಯ ಸೀರೆಯೊಂದನ್ನು ತರಿಸಿ ಚೀಲಕ್ಕೆ ಸುತ್ತಲು ಹೇಳಿದೆ. ಪರಿಣಾಮ ನೀನು ನೋಡಬೇಕಿತ್ತು. ಮೊದಲು ಅರ್ಧ ಗಂಟೆ ಹೊಡೆಯುತ್ತಿದ್ದವನು ಈಗ ಒಂದು ಗಂಟೆ ಹೊಡೆಯುತ್ತಾನೆ. ಆಮೇಲೆ ಅವನ ಮುಖದಲ್ಲಿ ಬರುವ ಶಾಂತಿಯ ವಿಡಿಯೋ ಮಾಡಿಕೊಂಡಿದ್ದೇನೆ, ಸಮ್ಮೇಳನಕ್ಕೆ.

ನೀನೂ ಒಂದು ಸಲ ಬಂದು ಚೀಲಕ್ಕೆ ನಾಲ್ಕು ಬಾರಿಸು. ಕಾಗದದಲ್ಲಿ ನನ್ನನ್ನು ಬಾರಿಸುವುದು ಕಡಿಮೆಯಾದೀತು.

ಶಿವರಾಮ


ತೀರ್ಥಹಳ್ಳಿ
5 ಮಾರ್ಚ್ 2023

ಶಿವು,

ಅರ್ಧ ಗಂಟೆ ಒಂದು ಗಂಟೆಯಾಯಿತು ಎಂದು ನೀನೇ ಬರೆದೆ. ಕುಡುಕ ಅರ್ಧ ಬಾಟಲಿಯಿಂದ ಇಡೀ ಬಾಟಲಿಗೆ ಬಂದರೆ ಗುಣವಾಗುತ್ತಿದ್ದಾನೆ ಅನ್ನುತ್ತೀಯಾ?

ಆ ಸೀರೆಯನ್ನು ಸ್ವಪ್ನಾ ತಾನೇ ಕಳಿಸಿದ್ದು. ಹಸಿರು ಸೀರೆ, ನೆಲ್ಲಿಕಾಯಿ ಬಣ್ಣದ ಅಂಚು. ಮಡಿಕೆ ಮಾಡಿ ಕವರಿಗೆ ಹಾಕಿ, ಬಸ್ಸಿಗೆ ಕೊಟ್ಟು ಬಂದು ನನ್ನೆದುರು ಕೂತು ನಕ್ಕಳು. "ಏಟು ಸೀರೆ ತಿನ್ಲಿ ಬಿಡಿ ಮೇಡಂ, ನಾನು ಉಳೀತೀನಿ." ಅವಳಿಗೆ ಹೀಗೆ ನಗಲು ಕಲಿಸಿದವನು ನೀನು.

ನಿನ್ನನ್ನು ಬೈಯಬೇಕೆಂದು ಕೂತವಳಲ್ಲ. ಆದರೆ ನನಗೆ ಭಯವಾಗುತ್ತಿದೆ, ನಿಜವಾದ ಭಯ. ನೀನು ಅವನ ಕೈಗೆ ಅಭ್ಯಾಸ ಮಾಡಿಸುತ್ತಿದ್ದೀಯ. ಹಸಿರು ಸೀರೆ ಕಂಡರೆ ಕಾವು ಎತ್ತಬೇಕು ಎಂದು ದಿನಾ ಸಂಜೆ ಪಾಠ ಹೇಳುತ್ತಿದ್ದೀಯ. ಒಂದು ಪ್ರಶ್ನೆಗೆ ಉತ್ತರ ಕೊಡು, ಸಾಕು. ಚೀಲ ಹರಿದ ದಿನ ಅವನು ಏನನ್ನು ಹೊಡೆಯುತ್ತಾನೆ?

ಸುಷ್ಮಾ


ಸಾಗರ
28 ಮಾರ್ಚ್ 2023

ಸುಷ್ಮಾ,

ಚೀಲ ಹರಿದರೆ ಹೊಲಿಯುತ್ತಾನೆ. ಇದೂ ಒಂದು ಪ್ರಶ್ನೆಯೆ?

ಭಾನುವಾರ ಹೊಸನಗರದಲ್ಲಿ ಎರಡೂ ಮನೆಯವರನ್ನು ಕೂರಿಸಿದ್ದರು. ನನ್ನನ್ನೂ ಕರೆದಿದ್ದರು. ನಿನಗೂ ಹೇಳಿ ಕಳಿಸಿದ್ದರಂತೆ, 'ನಾನು ಪಂಚಾಯ್ತಿಗೆ ಬರುವವಳಲ್ಲ' ಅಂದೆಯಂತೆ. ದೊಡ್ಡಸ್ತಿಕೆ ನಿನ್ನದು, ಇರಲಿ. ಹಿರಿಯರೊಬ್ಬರು "ಗಂಡ ಹೆಂಡ್ರ ಜಗಳ ಉಂಡು ಮಲಗೋ ತನಕ" ಎಂದು ಶುರು ಮಾಡಿದರು. ಬಂಗಾರಮ್ಮ ಎದ್ದು ನಿಂತು, "ಉಂಡು ಮಲಗಿದ್ಮೇಲೇ ನನ್ ಮಗ್ಳ ಬೆರಳು ಮುರ್ದಿದ್ದು. ಕಳಿಸ್ತೀನಿ. ಇವನಿಗೆ ಯಾರು ಹೊಣೆ? ಹೊಣೆ ನಿಲ್ಲೋರು ವೀಳ್ಯ ಎತ್ಲಿ" ಅಂದರು. ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ನಡುವೆ ತಂದಿಟ್ಟರು. ಆ ಕಡೆಯ ಪದ್ಧತಿ ನಿನಗೆ ಗೊತ್ತಲ್ಲ, ವೀಳ್ಯ ಎತ್ತಿದವನು ಆ ಮಾತಿಗೆ ಪೂರ್ತಿ ಹೊಣೆ. ಯಾರೂ ಎತ್ತಲಿಲ್ಲ. ಕುಮಾರನ ಅಣ್ಣತಮ್ಮಂದಿರು ಮುಖ ತಿರುಗಿಸಿದರು. ಹೂವಪ್ಪನವರು ಕೈ ಮುಂದೆ ತಂದು, ಹಾಗೇ ಹಿಂದಕ್ಕೆ ಎಳೆದುಕೊಂಡರು.

ನಾನು ಎತ್ತಿದೆ. ನಮ್ಮ ವಿದ್ಯೆಯ ಮೇಲೆ ಈ ಜನಕ್ಕೆ ನಂಬಿಕೆ ಬರಬೇಕಾದರೆ ಅವರ ಭಾಷೆಯಲ್ಲೇ ಮಾತು ಕೊಡಬೇಕು. ಬಂಗಾರಮ್ಮ ನನ್ನ ಕೈಯಲ್ಲಿದ್ದ ಎಲೆಯನ್ನೇ ನೋಡುತ್ತಿದ್ದರು. ಆಮೇಲೆ "ಆಯ್ತು ಡಾಕ್ಟ್ರೇ, ನಿಮ್ಮೇಲೆ ಹಾಕಿದೀನಿ" ಅಂದರು. ಮುಂದಿನ ಬುಧವಾರ ಸ್ವಪ್ನಾ ಮನೆಗೆ ಹೋಗುತ್ತಾಳೆ.

ನೀನು ಇದ್ದಿದ್ದರೆ ಹೆಮ್ಮೆಪಡುತ್ತಿದ್ದೆ.

ಶಿವರಾಮ


ತೀರ್ಥಹಳ್ಳಿ
4 ಏಪ್ರಿಲ್ 2023

ಶಿವರಾಮ,

ಹೆತ್ತ ಅಪ್ಪನ ಕೈ ಎಲೆಗೆ ಹೋಗಲಿಲ್ಲ ಎಂದು ನೀನೇ ಬರೆದಿದ್ದೀಯ. ಬರೆಯುವಾಗ ನಿನ್ನ ಪೆನ್ನು ನಿಲ್ಲಲಿಲ್ಲವೆ? ಆ ಮನುಷ್ಯ ಮಗನನ್ನು ತೊಟ್ಟಿಲಿನಿಂದ ನೋಡಿದವನು. ನೀನು ನವೆಂಬರಿನಿಂದ ನೋಡಿದವನು. ಅವರಿಗೆ ತಿಳಿದದ್ದು ನಿನಗೆ ತಿಳಿಯಲಿಲ್ಲ. ನಿನ್ನ ಕಣ್ಣು ಬೆಂಗಳೂರಿನ ವೇದಿಕೆಯ ಮೇಲಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿ, ಈಗ ಕುಲಾವಿಗೆ ತಕ್ಕ ಕೂಸು ಹುಡುಕುತ್ತಿದ್ದೀಯ.

ಇವತ್ತು ಬೆಳಗ್ಗೆ ಸ್ವಪ್ನಾ ಬಂದಿದ್ದಳು. ಬ್ಯಾಗು ಕಟ್ಟಿಯಾಗಿದೆಯಂತೆ. ಮತ್ತೆ ಕೇಳಿದಳು, ಹೋಗ್ಲಾ ಬ್ಯಾಡ್ವಾ ಎಂದು. ಈ ಸಲ ನನ್ನ ಕೈ ಹಿಡಿದುಕೊಂಡು ಕೇಳಿದಳು. ನಿಮಗೆ ಏನನ್ನಿಸುತ್ತೆ ಎಂದೆ. "ಡಾಕ್ಟ್ರು ಹೊಣೆ ನಿಂತಿದಾರಲ್ಲ ಮೇಡಂ" ಅಂದಳು. ಬೇಡ ಎಂಬ ಮಾತು ನನ್ನ ಹಲ್ಲಿನವರೆಗೆ ಬಂದಿತ್ತು. ನುಂಗಿಕೊಂಡೆ. ನನ್ನ ಭಯವನ್ನು ಅವಳ ತಲೆಗೆ ಹಾಕುವ ಹಕ್ಕು ನನಗಿಲ್ಲ. ಅವನು ನಿನಗೆ ಹೇಳಿದ್ದನ್ನು, ನೀನು ನನಗೆ ಬರೆದದ್ದನ್ನು ಅವಳ ಮುಂದೆ ಬಿಚ್ಚುವ ಹಕ್ಕೂ ಇಲ್ಲ. ನಿನಗೆ ಹೇಳುವ ಹಕ್ಕಿದೆ, ಅದಕ್ಕೇ ಹೇಳುತ್ತೇನೆ. ಈ ಕಾಗದ ತಲುಪಿದ ಕೂಡಲೇ ಹೊಸನಗರಕ್ಕೆ ಹೋಗು. ವೀಳ್ಯವನ್ನು ಹಿಂದಿರುಗಿಸು. ತಪ್ಪಾಯಿತು, ನನಗೆ ಖಾತ್ರಿ ಇಲ್ಲ ಎಂದು ಬಾಯಿಬಿಟ್ಟು ಹೇಳು. ಮಾನ ಹೋದರೆ ಹೋಗಲಿ, ಮಾನಕ್ಕೆ ಮುರಿಯಲು ದವಡೆ ಇಲ್ಲ, ಬೆರಳಿಲ್ಲ.

ಸುಷ್ಮಾ


ಸಾಗರ
30 ಏಪ್ರಿಲ್ 2023

ಸುಷ್ಮಾ,

ಸಮ್ಮೇಳನ ಚೆನ್ನಾಗಿ ಆಯಿತು. ವಿಡಿಯೋ ಮುಗಿದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಿನ್ನ ಹೆಸರನ್ನು ತೆಗೆದುಹಾಕಿದ್ದೇನೆ. ಒಪ್ಪದವರ ಹೆಸರನ್ನು ಹೊರುವ ಅಗತ್ಯ ನನಗಿಲ್ಲ.

ಸ್ವಪ್ನಾ ಹೋಗಿ ತಿಂಗಳಾಗುತ್ತಾ ಬಂತು. ಒಂದು ಏಟಿಲ್ಲ. ನಾನೇ ಹೋಗಿ ನೋಡಿ ಬಂದೆ. ನನಗೆ ಕಾಫಿ ತಂದುಕೊಟ್ಟಳು, ನಕ್ಕಳು. ಸಂಜೆ ಗಂಡ ಕೊಟ್ಟಿಗೆಯಲ್ಲಿರುವಾಗ ಇವಳು ಅಡುಗೆಮನೆಯಲ್ಲಿ ರೇಡಿಯೋ ಜೋರಾಗಿ ಹಾಕಿಕೊಳ್ಳುತ್ತಾಳಂತೆ. ಇದಕ್ಕಿಂತ ಸಾಕ್ಷಿ ಬೇಕೆ?

ನಿನ್ನದು ಹೊಟ್ಟೆಕಿಚ್ಚು ಎಂದು ಹೇಳಲು ಇಷ್ಟು ದಿನ ಹಿಂಜರಿದೆ. ಇನ್ನು ಕುಮಾರನ ವಿಷಯ ನಮ್ಮ ನಡುವೆ ಬೇಡ. ಬೇರೆ ವಿಷಯವಿದ್ದರೆ ಬರೆ.

ಶಿವರಾಮ


ಶಿವಮೊಗ್ಗ, ಆಸ್ಪತ್ರೆಯಿಂದ
19 ಜೂನ್ 2023

ಡಾ. ಶಿವರಾಮ ಅವರಿಗೆ,

ಬೇರೆ ವಿಷಯವಿಲ್ಲ. ನಿಮಗೆ ಸುದ್ದಿ ಮುಟ್ಟಿರಬೇಕು. ಪೂರ್ತಿ ಮುಟ್ಟಿರಲಾರದು. ಹೂವಪ್ಪನವರು ಇಲ್ಲಿ ವರಾಂಡದಲ್ಲಿ ನೆಲದ ಮೇಲೆ ಕೂತು ನನಗೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಓದಿ.

ಗುರುವಾರ ಸಂಜೆ ಕುಮಾರ ಎಂದಿನಂತೆ ಕೊಟ್ಟಿಗೆಗೆ ಹೋಗಿದ್ದಾನೆ. ಶುರು ಮಾಡಿದ ಸ್ವಲ್ಪ ಹೊತ್ತಿಗೇ ಚೀಲದ ಹೊಲಿಗೆ ಬಿಟ್ಟು ಉಮಿಯೆಲ್ಲ ಸುರಿದುಹೋಯಿತು. ಸದ್ದು ನಿಂತದ್ದು ಕೇಳಿ ಸ್ವಪ್ನಾ ರೇಡಿಯೋ ಆರಿಸಿ ಹೊರಗೆ ಬಂದಳು. ಹಿಡಿಸೂಡಿ ತಂದು ಉಮಿ ಗುಡಿಸತೊಡಗಿದಳು. "ನಾಳೆ ಬೇರೆ ಚೀಲ ತರಾಣ" ಅಂದಳಂತೆ. ಅವನು ಕಾವು ಹಿಡಿದೇ ನಿಂತಿದ್ದ.

"ಇವತ್ತಿಂದು?" ಅಂದನಂತೆ.

ಇವಳಿಗೆ ಅರ್ಥವಾಗಲಿಲ್ಲ. ಅವನು ಬಾಗಿ, ಹರಿದ ಚೀಲದಿಂದ ಹಸಿರು ಸೀರೆಯನ್ನು ಬಿಚ್ಚಿ, ಕೊಡವಿ, ಅವಳ ಹೆಗಲ ಮೇಲೆ ಹೊದಿಸಿದ. ಪ್ರೀತಿಯಿಂದ ಹೊದಿಸುತ್ತಿದ್ದಾನೆ ಎಂದೇ ಅಂದುಕೊಂಡೆ ಎನ್ನುತ್ತಾರೆ ಹೂವಪ್ಪ. ಆಮೇಲೆ ಮೊದಲನೆಯದು ಬಿತ್ತು, ದವಡೆಗೆ. ಅವಳು ಕೈ ಅಡ್ಡ ಹಿಡಿದಳು, ಎರಡೂ ಮುಂಗೈ ಮುರಿದವು. ಕೆಳಗೆ ಬಿದ್ದವಳನ್ನು ಬಿಡಲಿಲ್ಲ. ತಡೆಯಲು ಹೋದ ಅಪ್ಪನ ಭುಜಕ್ಕೂ ಬಿತ್ತು. ಮುಖದಲ್ಲಿ ಸಿಟ್ಟೇ ಇರಲಿಲ್ಲವಂತೆ. ಕೆಲಸ ಮಾಡುವವನ ಮುಖವಂತೆ. "ಒಳಗೆ ಇಟ್ಕಬಾರ್ದು ಅಂತ ಡಾಕ್ಟ್ರು ಹೇಳಿದಾರೆ ಅಪ್ಪಯ್ಯ, ಬಿಡು" ಅಂದನಂತೆ. ತನಗೆ ಸಾಕಾದ ಮೇಲೆ ಕಾವನ್ನು ಗೋಡೆಗೆ ಒರಗಿಸಿ ಸ್ನಾನಕ್ಕೆ ಹೋದ. ಸ್ನಾನ ಮುಗಿಸಿ ಬಂದು ಊಟಕ್ಕೆ ಕೂತಿದ್ದ. ಪೊಲೀಸರು ಬಂದಾಗ ತಟ್ಟೆ ಮುಂದಿತ್ತು.

ಸ್ವಪ್ನಾಳ ಎಡಗಣ್ಣು ಹೋಗಿದೆ. ದವಡೆಗೆ ತಂತಿ ಕಟ್ಟಿದ್ದಾರೆ. ಬದುಕುತ್ತಾಳೆ ಎನ್ನುತ್ತಾರೆ.

ಚೀಲ ಹರಿದ ದಿನ ಏನನ್ನು ಹೊಡೆಯುತ್ತಾನೆ ಎಂದು ಕೇಳಿದ್ದೆ. ಹೊಲಿಯುತ್ತಾನೆ ಎಂದಿದ್ದಿರಿ.

ಸುಷ್ಮಾ


ಸಾಗರ
3 ಜುಲೈ 2023

ಡಾ. ಸುಷ್ಮಾ ಅವರಿಗೆ,

ಶುಕ್ರವಾರ ನಾನಿಲ್ಲದಾಗ ನೀವು ನನ್ನ ಕ್ಲಿನಿಕ್ಕಿಗೆ ಬಂದು, ಅಟೆಂಡರ್ ಕೆರಿಯಪ್ಪನ ಕೈಯಿಂದ ಬೀಗ ತೆಗೆಸಿ, ಚೀಲವನ್ನು ಕತ್ತಿಯಿಂದ ಸೀಳಿ ಹೋಗಿದ್ದೀರಿ. ಅದಕ್ಕೆ ಮುಂಚೆ ಒಳಗಿಂದ ಬಹಳ ಹೊತ್ತು ಹೊಡೆಯುವ ಸದ್ದು, ಕೂಗು ಕೇಳುತ್ತಿತ್ತಂತೆ. ಕೆರಿಯಪ್ಪ ಹೆದರಿ ಬೀದಿಗೆ ಬಂದು ನಿಂತಿದ್ದ. "ಸಾರ್, ಮೇಡಮ್ಮಿಗೆ ದೆವ್ವ ಹಿಡ್ದಿತ್ತಾ?" ಎಂದು ನನ್ನನ್ನೇ ಕೇಳುತ್ತಾನೆ. ಗೋಡೆ, ಕುರ್ಚಿ, ಪುಸ್ತಕಗಳ ಮೇಲೆಲ್ಲ ಉಮಿ. ಇದು ಓದಿದವರ ನಡವಳಿಕೆಯೆ?

ಆದದ್ದಕ್ಕೆ ನನಗೆ ದುಃಖವಿದೆ. ಊಟ ಸೇರುತ್ತಿಲ್ಲ. ಆದರೆ ಪದ್ಧತಿಯಿಂದಲೇ ಹೀಗಾಯಿತು ಎನ್ನಲು ನೀವು ಯಾರು? ಗುಣವಾದವರು ಬೇಕಾದಷ್ಟು ಜನ ಇದ್ದಾರೆ. ಒಬ್ಬನಿಂದ ಎಲ್ಲವನ್ನೂ ಸುಳ್ಳು ಎನ್ನಲಾಗದು.

ಮತ್ತು ಒಂದು ಮಾತು ಕೇಳುತ್ತೇನೆ, ಉತ್ತರ ಕೊಡಿ. ನಿಮಗೆ ಮೊದಲೇ ಗೊತ್ತಿತ್ತಲ್ಲ? ಸೀರೆ, ಕಾವು, ಹರಿಯುವ ಚೀಲ, ಎಲ್ಲ ಕಣ್ಣೆದುರು ಕಂಡಿತ್ತಲ್ಲ? ಕಂಡದ್ದನ್ನು ಯಾರಿಗೆ ಹೇಳಿದಿರಿ? ನನಗೆ. ಕಾಗದದ ಮೇಲೆ ಕಾಗದ. ನಿಮ್ಮ ಎದುರಿಗೆ ಕೂತು, ನಿಮ್ಮ ಕೈ ಹಿಡಿದು ಕೇಳಿದವಳಿಗೆ ಒಂದು ಸಲವಾದರೂ ಹೇಳಿದಿರಾ? ಪಂಚಾಯ್ತಿಗೆ ಕರೆದಾಗ ಬಂದಿದ್ದರೆ, ತಟ್ಟೆಗೆ ನಾನು ಕೈ ಚಾಚುವಾಗ ನನ್ನ ಕೈ ಹಿಡಿಯಬಹುದಿತ್ತು. ನಾನು ಬಾಯಿ ತೆರೆದು ತಪ್ಪಿದೆ. ನೀವು ಬಾಯಿ ಮುಚ್ಚಿಕೊಂಡು ಗೆದ್ದಿರಿ.

ಹೂವಪ್ಪನವರ ಕಡೆಯ ಹಿರಿಯರು ಬಂದಿದ್ದರು. ಕೇಸು ಹಿಂದಕ್ಕೆ ಪಡೆದರೆ ಆಸ್ಪತ್ರೆಯ ಖರ್ಚು ತಮ್ಮದು, ಹುಡುಗ ಹೊರಗೆ ಬಂದ ಮೇಲೆ ಹುಡುಗಿಯನ್ನು ಕರೆದುಕೊಂಡು ಹೋಗುತ್ತೇವೆ ಎನ್ನುತ್ತಿದ್ದಾರೆ. ಮತ್ತೆ ಕೂರಿಸುತ್ತಾರಂತೆ. ನಾನು ವೀಳ್ಯ ಎತ್ತುವುದಿಲ್ಲ. ಬೇರೆ ಯಾರೋ ಎತ್ತುತ್ತಾರೆ. ನನ್ನ ನಿಮ್ಮ ಪತ್ರವ್ಯವಹಾರ ಇಲ್ಲಿಗೆ ಸಾಕು.

ಶಿವರಾಮ


ತೀರ್ಥಹಳ್ಳಿ
14 ಆಗಸ್ಟ್ 2023

ಶಿವರಾಮ,

ಸಾಕು ಎಂದು ನೀನು ಬರೆದಿದ್ದೆ. ಇದೊಂದನ್ನು ಓದಿ ಹರಿದುಹಾಕು. ನೀವು ಎಂದು ಬರೆಯಲು ಹೊರಟೆ, ಬೇಡವೆನಿಸಿತು. ಇಷ್ಟು ಹೊಡೆದಾಡಿಕೊಂಡವರ ನಡುವೆ ಏಕವಚನವೇ ಸರಿ.

ಹೌದು, ಚೀಲ ಸೀಳಿದವಳು ನಾನೇ. ಸೀಳಲೆಂದು ಬಂದವಳಲ್ಲ. 'ನೀನೂ ಬಂದು ನಾಲ್ಕು ಬಾರಿಸು' ಎಂದು ಬರೆದಿದ್ದೆಯಲ್ಲ, ಬಾರಿಸಲು ಬಂದೆ. ಕೋಲು ತೆಗೆದುಕೊಂಡೆ. ಚೀಲಕ್ಕೆ ನಿನ್ನ ಮುಖ ಕೊಟ್ಟೆ, ನಿನ್ನ ಕನ್ನಡಕ ಸಹಿತ. ಮೊದಲ ಹೊಡೆತಕ್ಕೆ ಹಾಯೆನಿಸಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಇನ್ನೊಂದು ಬೇಕೆನಿಸಿತು. ಅಂಗೈಯ ಚರ್ಮ ಕಿತ್ತು ಬಂದರೂ ಬೇಕೆನಿಸಿತು. ಇಳಿಯಲಿಲ್ಲ ಶಿವು. ಹೊಡೆದಷ್ಟೂ ಏರಿತು. ಆಗ ನೀನು ಬಾಗಿಲು ತೆರೆದುಕೊಂಡು ಬಂದಿದ್ದರೆ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ. ಅದಕ್ಕೆ ಹೆದರಿ ಕೆರಿಯಪ್ಪನ ಕಾಯಿ ಒಡೆಯುವ ಕತ್ತಿ ತಂದು ಸೀಳಿದೆ. ನಿನ್ನ ಪದ್ಧತಿಯ ಬಗ್ಗೆ ನಾನು ಮಾಡಿದ ಪರೀಕ್ಷೆ ಇಷ್ಟೆ.

ನಿನ್ನ ಪ್ರಶ್ನೆಗೆ ಉತ್ತರ ಕೊಡುವ ಮುಂಚೆಯೇ ಬೇರೊಬ್ಬರು ಅದನ್ನು ಕೇಳಿದರು.

ನಿನ್ನ ಕಾಗದ ಬಂದ ಮರುದಿನ ಆಸ್ಪತ್ರೆಗೆ ಹೋಗಿದ್ದೆ. ವರಾಂಡದಲ್ಲಿ ಬಂಗಾರಮ್ಮ ಎದುರಾದರು, ಕೈಯಲ್ಲಿ ಅದೇ ಕ್ಯಾರಿಯರ್. ಸ್ವಪ್ನಾ ಅಗಿಯುವಂತಿಲ್ಲ, ಗಂಜಿ ತಿಳಿ ಮಾಡಿ ತರುತ್ತಾರೆ. "ನಿಮ್ಗೆ ಮೊದ್ಲೇ ಗೊತ್ತಿತ್ತಂತೆ?" ಅಂದರು. ಸಾಗರಕ್ಕೆ ಬಂದು ನಿನ್ನನ್ನು ಕಂಡಿದ್ದರಂತೆ, ವೀಳ್ಯದ ಮಾತು ಕೇಳಲು. ನೀನು ನನ್ನ ಹೆಸರು ಹೇಳಿದ್ದೀಯ. ಒಳ್ಳೆಯದನ್ನೇ ಮಾಡಿದೆ. ಗೊತ್ತಿತ್ತು ಅಂದೆ.

ಕ್ಯಾರಿಯರನ್ನು ಬೀಸಿ ನನ್ನ ಕಿವಿಯ ಮೇಲೆ ಹೊಡೆದರು. ನಾನು ಬೆಂಚಿಗೆ ತಾಗಿ ಕೆಳಗೆ ಬಿದ್ದೆ. ಮುಚ್ಚಳ ಹಾರಿ ಬಿಸಿ ಗಂಜಿ ಕುತ್ತಿಗೆಯ ಮೇಲೆಲ್ಲ ಚೆಲ್ಲಿತು. ಜನ ಓಡಿ ಬಂದು ಅವರನ್ನು ಹಿಡಿದುಕೊಂಡರು. ಆಕೆ ಕೊಸರಿಕೊಂಡು ನನ್ನ ಮುಖದ ಹತ್ತಿರ ಬಗ್ಗಿ ಹೇಳಿದರು:

"ಪ್ರತಿ ಸಲ ಮನೆಗ್ ಬಂದು ನನ್ ಮಗಳು ಹೇಳ್ತಿದ್ಲು, ಮೇಡಂ ನಿಂಗೆ ಏನನ್ಸುತ್ತೆ ಅಂತ ಕೇಳ್ತಾರೆ ಅಮ್ಮಾ ಅಂತ. ಮೇಡಮ್ಮಿಗೆ ಬ್ಯಾಡ ಅನ್ನಿಸಿದ್ರೆ ಹೇಳ್ತಿದ್ರು, ಹೇಳ್ಲಿಲ್ಲ ಅಂದ್ರೆ ಹೋಗ್ಬೌದು ಅಂತ್ಲೇ ಅರ್ಥ ಅಂತಿದ್ಲು. ಈಗ ಹೇಳಿ ಮೇಡಮ್ಮಾರೆ. ನಿಮ್ಗೆ ಏನನ್ಸುತ್ತೆ?"

ನನ್ನ ಬಾಯಲ್ಲಿ ರಕ್ತ ತುಂಬಿತ್ತು. ನನ್ನ ಮೌನವನ್ನು ಆ ಹುಡುಗಿ ಒಪ್ಪಿಗೆ ಎಂದು ಓದಿಕೊಂಡಿದ್ದಳು. ಅವಳ ಯೋಚನೆಗೆ ಜಾಗ ಬಿಟ್ಟುಕೊಟ್ಟಿದ್ದೇನೆ ಎಂದು ನಾನು ಬೀಗುತ್ತಿದ್ದೆ. ಎಲ್ಲ ಸಿಟ್ಟು, ಎಲ್ಲ ಭಯ, ಎಲ್ಲ ಬುದ್ಧಿವಂತಿಕೆಯನ್ನು ನಿನಗೆ ಬರೆದು, ಲಕೋಟೆ ಅಂಟಿಸಿ, ಬಸ್ಸಿಗೆ ಕೊಟ್ಟು ಬರುತ್ತಿದ್ದೆ. ಅದು ನಿನ್ನ ಉಮಿಚೀಲಕ್ಕಿಂತ ಬೇರೆಯಲ್ಲ. ನಾನೂ ಹೊರಗೆ ಹಾಕುತ್ತಿದ್ದೆ, ಸುರಿಯಬೇಕಾದ ಒಂದೇ ಜಾಗವನ್ನು ಬಿಟ್ಟು. ಎಡಗಿವಿ ಈಗಲೂ ಸರಿಯಾಗಿ ಕೇಳುವುದಿಲ್ಲ. ಪೊಲೀಸರು ದೂರು ಕೊಡುತ್ತೀರಾ ಎಂದು ಕೇಳಿದರು, ಕೊಡಲಿಲ್ಲ.

ನಿನ್ನೆ ಹಿರಿಯರು ಬಂಗಾರಮ್ಮನವರ ಮನೆಗೆ ಬಂದರು. ಸ್ವಪ್ನಾಳನ್ನು ಆಸ್ಪತ್ರೆಯಿಂದ ಕಳಿಸಿ ವಾರವಾಗಿದೆ. ತಂತಿ ಇನ್ನೂ ಬಿಚ್ಚಿಲ್ಲ. ನನ್ನನ್ನು ಯಾರೂ ಕರೆದಿರಲಿಲ್ಲ, ನಾನಾಗಿ ಹೋಗಿ ಬಾಗಿಲ ಬಳಿ ಕೂತೆ. ಬಂಗಾರಮ್ಮ ನೋಡಿದರು, ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಅದೇ ಮಾತು, ಅದೇ ಗಾದೆ. ಹುಡುಗ ಬದಲಾಗಿದ್ದಾನೆ, ಜೈಲಿನಲ್ಲಿ ಅಳುತ್ತಾನೆ, ಒಂದು ಕಣ್ಣಿನವಳನ್ನು ಇನ್ಯಾರು ನೋಡಿಕೊಳ್ಳುತ್ತಾರೆ ಎಂದೆಲ್ಲ ಹೇಳಿದರು. ತಟ್ಟೆ ತಂದು ನಡುವೆ ಇಟ್ಟರು. ಅವರ ಕಡೆಯ ಒಬ್ಬ ಎತ್ತಲು ತಯಾರಾಗಿಯೇ ಬಂದಿದ್ದ.

ಸ್ವಪ್ನಾ ಅಷ್ಟು ಜನರ ನಡುವೆ ನನ್ನನ್ನು ಹುಡುಕಿ ನೋಡಿದಳು. ಹಲ್ಲುಗಳ ಸಂದಿಯಿಂದಲೇ ಕೇಳಿದಳು. "ಮೇಡಂ, ಎಂತ ಮಾಡ್ಲಿ?"

ಅಭ್ಯಾಸ ಬಿಡುವುದಿಲ್ಲ ನೋಡು. ಆ ಹಳೆಯ ಪ್ರಶ್ನೆ ನಾಲಗೆಯ ತುದಿಗೆ ಬಂದೇಬಿಟ್ಟಿತು. ಬಂಗಾರಮ್ಮ ನನ್ನನ್ನೇ ನೋಡುತ್ತಿದ್ದರು. ನಾನು ಎದ್ದು ಹೋಗಿ ಎಲೆ ಅಡಿಕೆಯ ತಟ್ಟೆಯನ್ನು ಕಾಲಿನಿಂದ ಒದ್ದೆ. ಅದು ಹಿರಿಯರ ಮೊಣಕಾಲಿಗೆ ಬಡಿದು ಅಂಗಳಕ್ಕೆ ಉರುಳಿತು. ಯಾರೋ ಕೈ ಎತ್ತಿಕೊಂಡು ನನ್ನ ಮೇಲೆ ಬಂದರು, ಯಾರೋ ತಡೆದರು. ಆ ಗಲಾಟೆಯಲ್ಲಿ ಅವಳಿಗೆ ಕೇಳಲಿ ಎಂದು ಕೂಗಿಯೇ ಹೇಳಿದೆ.

"ಹೋಗಬೇಡ."

ಹಿರಿಯರು ಎದ್ದು ಹೋದರು. ಅವಳು ಹೋಗುವುದಿಲ್ಲ, ಕೇಸು ನಡೆಯುತ್ತದೆ. ಕಟಕಟೆಯಲ್ಲಿ ನಿನ್ನ ಚೀಲದ ಬಗ್ಗೆಯೂ ನನ್ನ ಮುಚ್ಚಿದ ಬಾಯಿಯ ಬಗ್ಗೆಯೂ ನಾನೇ ಹೇಳುತ್ತೇನೆ. ನೀನು ಬಂದರೆ ಬಾ, ಬಾರದಿದ್ದರೆ ಬಿಡು. ನಮ್ಮ ಸ್ನೇಹಕ್ಕೆ ಇನ್ನು ಮಾಡುವ ಕೆಲಸವಿಲ್ಲ.

ಎಲ್ಲರೂ ಹೋದ ಮೇಲೆ ಸ್ವಪ್ನಾಳ ಪಕ್ಕ ಕೂತೆ. ಅವಳಿಗೆ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ತಂತಿಯ ನಡುವಿನಿಂದ ನಿಧಾನವಾಗಿ, ನನಗೆ ಸಮಾಧಾನ ಹೇಳುವವಳ ಹಾಗೆ ಹೇಳಿದಳು.

"ಆಗ್ಲೇ ಹೇಳಿದ್ರೆ ಹೋಗ್ತಿರ್ಲಿಲ್ಲ ಮೇಡಂ."

ಸುಷ್ಮಾ